ಶೂನ್ಯದ ಉಸಿರು

ಸೆನ್ಸರೇ ಕೆಟ್ಟಿದೆಯೋ, ತಾನೇ ಎಲ್ಲೋ ಎಡವಿದ್ದೋ? ಮಹ್ರೇಜ್ ಪರದೆಯನ್ನೇ ನೋಡುತ್ತ ಕುಳಿತ. ಕರುಳಿನ ಕ್ಯಾನ್ಸರನ್ನು ಬರೀ ಉಸಿರಿನಿಂದ ಗುರುತಿಸಬೇಕಾದ ಸೆನ್ಸರ್ ಅದು. ಕಾಯಿಲೆ ಖಚಿತವಾಗಿದ್ದವರ ಉಸಿರು ತುಂಬಿದ ಚೀಲಗಳನ್ನೇ ಜೋಡಿಸಿದರೂ ಗೆರೆ ಮೇಲೇಳದೆ ಮಲಗಿತ್ತು.

"ಸತ್ತಿದೆ ಅಂತ ಒಪ್ಕೊಳ್ಳಿ ಸೀ ಮಹ್ರೇಜ್," ಎಂದಳು ಜೊತೆಯಲ್ಲಿ ಕೆಲಸ ಮಾಡುವ ಎಮ್ನಾ, ಗೌರವಕ್ಕೆ ಹಚ್ಚುವ 'ಸೀ' ಬಿಡದೆ. "ಮಣ್ಣು ಮಾಡಿ ಮನೆಗೆ ಹೋಗೋಣ. ನಮ್ಮಮ್ಮ ಇಷ್ಟೊತ್ತಿಗೆ ಉಪವಾಸ ಬಿಡೋಕೆ ಮೊಟ್ಟೆ ತುಂಬಿದ ಬ್ರಿಕ್ ಕರೀತಿರ್ತಾಳೆ."

"ಉಪವಾಸದಲ್ಲಿರೋನ ಮುಂದೆ ಎಣ್ಣೆ ಮಾತಾಡ್ಬೇಡಮ್ಮ."

ದಿನವೂ ಕೆಲಸ ಶುರುವಾಗುವ ಮೊದಲು ಆರೋಗ್ಯವಂತರೊಬ್ಬರ ಖಾಲಿಹೊಟ್ಟೆಯ ಉಸಿರನ್ನು ಸೆನ್ಸರಿಗೆ ಉಣಿಸಿ, ಅದನ್ನೇ ಶೂನ್ಯವೆಂದು ಇಡಬೇಕು. ಉಳಿದವರ ಉಸಿರು ಅದಕ್ಕಿಂತ ಬೇರೆಯಾಗಿದ್ದರಷ್ಟೇ ಗೆರೆ ಏಳುತ್ತದೆ. ಪ್ರಯೋಗಾಲಯದಲ್ಲಿ ಬೆಳಗಿನ ಕಾಫಿ, ಸಿಗರೇಟು ಎರಡನ್ನೂ ಮುಟ್ಟದವನು ಮಹ್ರೇಜ್ ಒಬ್ಬನೇ. ಹಾಗಾಗಿ ಆ ಉಸಿರು ಮೊದಲಿನಿಂದಲೂ ಅವನದೇ.

"ಇವತ್ತು ನಂದು ಹಾಕಿ ನೋಡಿ," ಎಂದಳು ಎಮ್ನಾ. "ರಂಜಾನ್ ದಯೆಯಿಂದ ನಾನೂ ಕಾಫಿ ಬಿಟ್ಟಿದೀನಲ್ಲ."

ಚೀಲಕ್ಕೆ ಉಸಿರು ಊದಿ ಕೊಟ್ಟಳು. ಅವನು ಶೂನ್ಯ ಬದಲಿಸಿ, ರೋಗಿಯೊಬ್ಬರ ಚೀಲವನ್ನು ಜೋಡಿಸಿದ. ಗೆರೆ ಸರ್ರನೆ ಎದ್ದಿತು. ಇನ್ನೊಂದಕ್ಕೂ ಎದ್ದಿತು.

"ಅಯ್ಯೋ ದೇವ್ರೇ, ಬದುಕಿದೆ!" ಎಮ್ನಾ ಮೇಜು ಗುದ್ದಿದಳು. "ಎಲ್ಲಾ ಹಾಳು ಮಾಡ್ತಿದ್ದಿದ್ದು ನಿಮ್ಮ ಉಸಿರು! ಬೆಳಗಿನ ಜಾವ ಸಹರಿ ಊಟಕ್ಕೆ ಬೆಳ್ಳುಳ್ಳಿ ಗಿಳ್ಳುಳ್ಳಿ ಮೇಯ್ತೀರೇನ್ರೀ?"

ನಗುತ್ತ ಅವಳು ಸಂಜೆಯ ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ಹೊರಹೋದಳು.

ಬೆಳಿಗ್ಗೆ ತಾನು ಊದಿಟ್ಟಿದ್ದ ಚೀಲದಲ್ಲಿ ಇನ್ನೂ ಅರ್ಧ ಉಸಿರು ಉಳಿದಿತ್ತು. ಮಹ್ರೇಜ್ ಅದನ್ನೇ ಜೋಡಿಸಿದ. ಗೆರೆ ಏರಿತು, ರೋಗಿಗಳ ಗೆರೆಯಷ್ಟೇ ಎತ್ತರಕ್ಕೆ. ಕೊಳವೆ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ. ಮತ್ತೆ ಏರಿತು.

ಸುಸ್ತು ಉಪವಾಸದ್ದೆಂದುಕೊಂಡಿದ್ದ. ಆದರೆ ಅದು ರಂಜಾನಿಗೂ ಮೊದಲೇ ಬಂದಿತ್ತು. ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೂ ಮೊದಲೇ. ಮಲದಲ್ಲಿ ರಕ್ತ ಕಂಡ ದಿನ ಮೂಲವ್ಯಾಧಿ ಇರಬೇಕೆಂದು ನೀರು ಹೊಯ್ದು ಬಂದಿದ್ದ, ಕರುಳಿನ ಕ್ಯಾನ್ಸರನ್ನೇ ಹುಡುಕುವ ಕೆಲಸದವನು.

"ಅಬ್ಬಾ, ಇದ್ಯಾರದು ಇಷ್ಟೆತ್ತರ?" ಒದ್ದೆ ಕೈಯಲ್ಲೇ ಬಂದ ಎಮ್ನಾ ಪರದೆಗೆ ಬಗ್ಗಿದಳು.

"ಆಸ್ಪತ್ರೆಯಿಂದ ಬಂದಿದ್ದು."

"ಪಾಪ. ಮನೇಲಿ ಗೊತ್ತಿರುತ್ತೋ ಇಲ್ವೋ."

ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು. ಅವಳು ಖರ್ಜೂರದ ಡಬ್ಬಿ ಚಾಚಿದಳು. "ತಗೊಳ್ಳಿ, ಮುಖ ಬಾಡಿಹೋಗಿದೆ. ನಾಳೆಯಿಂದ ಉಸಿರು ಊದೋದು ನಾನೇ, ನಿಮಗೆ ರಜ."

ಮಹ್ರೇಜ್ ಖರ್ಜೂರವನ್ನು ಬಾಯಿಗಿಟ್ಟುಕೊಂಡು ನಿಧಾನ ಅಗಿದ. ಮೇಜಿನ ಮೇಲೆ ಚೀಲ ಸಣ್ಣಗೆ ಸದ್ದು ಮಾಡುತ್ತ ಕುಸಿಯುತ್ತಿತ್ತು. ಅದು ತನ್ನ ಉಸಿರೆಂದು ಅವನು ಎಮ್ನಾಗೆ ಎಂದೂ ಹೇಳಲಿಲ್ಲ.