ಚಿತ್ರದ ಕೆಳಗಿನ ಹೆಸರು

“ಗೋಡೆಗೆ ಸುಣ್ಣ ಬಳಿಯೋ ನನ್ಮಕ್ಳಿಗೆ ಆರ್ಟ್ ಏನ್ ಗೊತ್ತಾಗತ್ತೋ, ಮುಂಡೇದೆ? ಕಲೆ ಅನ್ನೋದು ಆತ್ಮದಲ್ಲಿರತ್ತೆ, ಕೈಯಲ್ಲಲ್ಲ.”

ಸೇತುರಾಮ ಸಾರ್ ಹೀಗೆ ಬೈಯುವಾಗ ನಾನು ಅವರ ಹನ್ನೊಂದನೆಯ ಕಲಾಕೃತಿಗೆ ಆಕಾಶ ತುಂಬುತ್ತಿದ್ದೆ. ಅವರ ಆತ್ಮ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೋಡುಬಳೆ ತಿನ್ನುತ್ತಿತ್ತು. ನಿವೃತ್ತರಾದ ಮೇಲೆ ಬಸವೇಶ್ವರನಗರದ ತಮ್ಮ ಮನೆಯ ಮಹಡಿಯಲ್ಲಿ ಅವರು ಕಲಾವಿದರಾದರು. ಚಿತ್ರ ಬಿಡಿಸುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವರದೇ: ಜುಬ್ಬ, ಗಡ್ಡ, ಮೂಲೆಯ ಸಹಿ.

ನಾನು ಭೈರೇಶ, ಕೆಂಗೇರಿಯವನು. ನಮ್ಮಪ್ಪ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದ. ಇಳಿದವನನ್ನು ಯಾರೂ ಬಗ್ಗಿ ನೋಡುತ್ತಿರಲಿಲ್ಲ, ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಹದಿನಾರಕ್ಕೆ ನಾನು ಮೈಸೂರು ರಸ್ತೆಯ ಅಂಗಡಿಗಳಿಗೆ ಬೋರ್ಡು ಬರೆಯಲು ಏಣಿ ಹತ್ತಿದೆ. ಅದೇ ಜನ ಕತ್ತೆತ್ತಿ ಓದಿದರು. ಯಾಕೆ ಚಿತ್ರ ಬಿಡಿಸ್ತೀಯ ಅಂದರೆ ನನ್ನ ಹತ್ತಿರ ಇರುವುದು ಇದೊಂದೇ ಉತ್ತರ. ಆತ್ಮ ಗೀತ್ಮ ಏನೂ ಇಲ್ಲ. ಆಮೇಲೆ ಫ್ಲೆಕ್ಸ್ ಬಂತು, ಏಣಿ ಮೂಲೆ ಸೇರಿತು. ಹತ್ತೊಂಬತ್ತು ವರ್ಷದಿಂದ ಸೇತುರಾಮರ ಮನೆಯಲ್ಲಿ ಕಸಮುಸುರೆ ಮಾಡುವ ನಮ್ಮವ್ವ ಅಕ್ಕಯ್ಯಮ್ಮ, “ನಮ್ ಹುಡ್ಗಂಗೆ ಏನಾರ ಕೆಲ್ಸ ಕೊಡಿ ಸಾಮಿ” ಎಂದು ಗೋಗರೆದಳು. ಕೊಟ್ಟರು. ಆತ್ಮ ಅವರದು, ಕೈ ನನ್ನದು.

ಹನ್ನೆರಡನೆಯ ಚಿತ್ರ ಮಾತ್ರ ಅವರಿಗೆಂದು ಬರೆದದ್ದಲ್ಲ. ಅದು ಅವ್ವ. ಪೊರಕೆ ಪಕ್ಕಕ್ಕಿಟ್ಟು, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾಳಲ್ಲ, ಆ ಗಳಿಗೆ. ಸಾರ್ ಅದರ ಫೋಟೊ ನನ್ನ ಮೊಬೈಲಿನಲ್ಲಿ ನೋಡಿದವರೇ, “ಇದೂ ನನ್ ಎಕ್ಸಿಬಿಷನ್‌ಗೆ ಬರ್ಲಿ ಕಣೋ” ಎಂದರು.

“ಸೈನು ನಿಮ್ದೇ ಹಾಕ್ಕೊಳಿ ಸಾರ್. ಕೆಳ್ಗಡೆ ಅವ್ವನ ಹೆಸ್ರು ಇರ್ಬೇಕು, ಅಷ್ಟೇಯ.”

“ಆಗ್ಲಪ್ಪ, ಅದೇನ್ ಮಹಾ!”

ಅವ್ವನಿಗೆ ಹೇಳಿದೆ. ಅವಳು ಬೀದಿಗೆಲ್ಲ ಹೇಳಿದಳು.

ಉದ್ಘಾಟನೆಯ ಬೆಳಿಗ್ಗೆ ಸಾರ್ ಫೋನು ಮಾಡಿದರು. “ಒಂದ್ ಫ್ರೇಮ್ ತರಚಿದೆ. ಪೇಂಟ್ ಡಬ್ಬಿಗಳು, ಬ್ರಷ್ ತಗೊಂಡ್ ಬಾ. ಹಿಂದಿನ ಮೆಟ್ಲಿಂದ ಬಾ.” ರಾಜಾಜಿನಗರದ ಆ ಹಾಲಿಗೆ ಅವ್ವನನ್ನೂ ಕರೆಸಿದ್ದರು, ಕಾಫಿ ಹಂಚಲು. ಅವಳೋ ಪಾಪ, ಹೊಸ ಸೀರೆ ಉಟ್ಟು ಹೂ ಮುಡಿದು ಬಂದಿದ್ದಳು. ಟ್ರೇ ಹಿಡಿದವಳು ತನ್ನ ಚಿತ್ರದ ಮುಂದೆಯೇ ನಿಂತುಬಿಟ್ಟಳು.

“ಅಕ್ಕಯ್ಯಾ, ಅಡ್ಡ ನಿಂತ್ಕೋಬೇಡ್ವೇ! ಜನ ಪಿಕ್ಚರ್ ನೋಡ್ಬೇಕು,” ಎಂದರು ಸೇತುರಾಮರ ಹೆಂಡತಿ ಅಲಮೇಲು.

ಜನ ನೋಡಿದರು. ಉದ್ಘಾಟಕಿ, ವಿಮರ್ಶಕಿ ರಾಗಿಣಿ ಮೇಡಂ ಚಿತ್ರ ನೋಡಿ ಕಣ್ಣೊರೆಸಿಕೊಂಡರು. ಅವ್ವನ ಮುಖ ನೋಡದೆ ಅವ್ವನ ಟ್ರೇಯಿಂದ ಕಾಫಿ ಎತ್ತಿಕೊಂಡು ಕೇಳಿದರು. “ಸರ್, ಎಂಥಾ ಫೇಸ್! ಎಲ್ಲಿ ಸಿಕ್ಳು ಇವಳು ನಿಮಗೆ?”

“ಧ್ಯಾನದಲ್ಲಮ್ಮ. ಬೆಳಗಿನ ಜಾವ ಎದ್ದು ಕೂತಿದ್ದೆ. ತಾನಾಗೇ ಬಂದ್ಲು.”

ಸಾರ್ ಬೆಳಗಿನ ಜಾವ ಏಳುವುದು ಉಚ್ಚೆಯ ಕಾಟಕ್ಕೆ. ಅವರ ಬಾತ್‌ರೂಮು ತೊಳೆಯುವ ಅವ್ವನಿಗೆ ಅದು ಚೆನ್ನಾಗಿ ಗೊತ್ತು. ಆದರೆ ಅವಳ ಲಕ್ಷ್ಯವೆಲ್ಲ ಚಿತ್ರದ ಕೆಳಗಿನ ಚೀಟಿಯ ಮೇಲಿತ್ತು.

“ನನ್ ಹೆಸ್ರು ಹಾಕವ್ರೇನ್ಲಾ?” ಎಂದು ಪಿಸುಗುಟ್ಟಿದಳು. ಅವಳಿಗೆ ಓದು ಬಾರದು. ಹೂಂ ಅಂದಿದ್ದರೆ ನಂಬಿಕೊಂಡು ಮನೆಗೆ ಹೋಗುತ್ತಿದ್ದಳು. ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

“‘ಅನಾಮಿಕೆ’ ಅಂತ ಹಾಕವ್ರೆ. ಹೆಸ್ರಿಲ್ದೋಳು ಅಂತ.”

ಅವ್ವ ಚೀಟಿಯ ಕಡೆಗೇ ನೋಡುತ್ತ, “ಹತ್ತೊಂಬತ್ ವರ್ಸದಿಂದ ಅಕ್ಕಯ್ಯಾ ಅಕ್ಕಯ್ಯಾ ಅಂತ ಬಾಯ್ ಬಡ್ಕೊಂತಾರಲ್ಲ, ಅದ್ಯಾರ್‌ನ್ಲಾ ಕರೀತಿದ್ದದ್ದು?” ಎಂದಳು.

ನೇರ ಸಾರ್ ಹತ್ತಿರ ಹೋಗಿ ಕೇಳಿದೆ. “ಸಾರ್, ಅವ್ವನ ಹೆಸ್ರು ಅಂದಿದ್ರಿ.”

“ಥೂ, ಈಗೇನೋ ನಿಂದು! ‘ಅಕ್ಕಯ್ಯಮ್ಮ’ ಅಂತ ಹಾಕಿದ್ರೆ ಮುದ್ದೆ ಮೆಸ್ಸಿನ ಬೋರ್ಡ್ ಥರ ಇರತ್ತೆ. ಹೋಗು, ಫ್ರೇಮ್ ನೋಡು.”

ಬೋರ್ಡಂದರೆ ನನಗೆ ಬರುತ್ತದೆ. ಕೆಂಪು ಎನಾಮೆಲ್ಲಿನ ಡಬ್ಬಿ ತೆಗೆದೆ. ಚಿತ್ರದ ಮೇಲೆಯೇ, ಅವ್ವನ ಸೆರಗಿಗೆ ಅಡ್ಡಲಾಗಿ, ಗೇಣುದ್ದದ ‘ಅ’ ಎಳೆದೆ.

ಯಾರೋ ಕಿರುಚಿದರು. ಕಾಫಿ ಲೋಟ ಬಿತ್ತು. “ಅಯ್ಯೋ, ಮಾಸ್ಟರ್‌ಪೀಸ್!” ಎಂದರು ರಾಗಿಣಿ ಮೇಡಂ. “ಬೋಳಿಮಗನೇ, ನನ್ ಪೇಂಟಿಂಗೋ ಅದು!” ಎಂದು ಸಾರ್ ನನ್ನ ತೋಳು ಹಿಡಿದು ಎಳೆದರು. ಲಾರಿಗಳ ಗಾಳಿಗೆ ಏಣಿಯ ಮೇಲೆ ಅಲುಗದೆ ಪಳಗಿದ ಕೈ ಇದು, ಅವರ ಎಳೆತಕ್ಕೆಲ್ಲಿ ಜಗ್ಗೀತು? ‘ಕ್ಕ’ ಬಂತು, ‘ಯ್ಯ’ ಬಂತು. ಅವ್ವ ಟ್ರೇಯನ್ನು ಅಲಮೇಲು ಅಮ್ಮನವರ ಕೈಗೆ ಕೊಟ್ಟು, ಬರೆಯುವುದನ್ನು ನೋಡಲು ನನ್ನ ಪಕ್ಕಕ್ಕೆ ಬಂದಳು.

“ಪೊಲೀಸ್ಗೆ ಫೋನ್ ಮಾಡ್ರೀ!” ಎಂದು ಸಾರ್ ಕೂಗಿದರು.

‘ಮ್ಮ’ ಮುಗಿಸಿದೆ. ಆದರೆ ಬೋರ್ಡು ಬರೆಯುವವನು ಅಕ್ಷರಕ್ಕೆ ನೆರಳು ಕೊಡದೆ ಏಣಿ ಇಳಿಯುವುದಿಲ್ಲ.

“ಬರ್ಲಿ ತಡೀರಿ ಸಾರ್,” ಎಂದೆ. “ಇನ್ನೂ ಶೇಡ್ ಕೊಟ್ಟಿಲ್ಲ.”

ಕಪ್ಪು ಡಬ್ಬಿಯ ಮುಚ್ಚಳ ತೆಗೆದೆ.