ಹೊಸ ಜಾಗದಲ್ಲಿಟ್ಟು ನೋಡಿದ್ಯಾ?

"ಸ್ವಲ್ಪ ಓರೆ ಮಾಡ್ರಪ್ಪ, ಬಾಗಿಲಿಗೆ ತಾಗುತ್ತೆ!" ಎನ್ನುತ್ತ ಭಾವನವರು ಸ್ಟ್ರೆಚರಿನ ಒಂದು ತುದಿಯನ್ನು ತಾವೇ ಹಿಡಿದು ಒಳಗೆ ತಂದರು. ಹೊರಗೆ ಶವದ ಗಾಡಿ ಎಂಜಿನ್ ಆರಿಸದೆ ನಿಂತಿತ್ತು. ನಡುಮನೆಯಲ್ಲಿ ಅವಳ ಗಂಡ ಮಲಗಿದ್ದ, ಜನ್ಮದಲ್ಲಿ ಮೊದಲ ಸಲ ಎಲ್ಲರಿಗಿಂತ ಮುಂಚೆ ತಯಾರಾಗಿ.

"ನನ್ನ ತಮ್ಮನ್ನ ಎತ್ತೋಣವೇನಮ್ಮ?"

"ಅವರ ಶಿಷ್ಯೆ ಬರ್ಬೇಕು ಭಾವ. ಆಸ್ಪತ್ರೇಲಿ ತಲೆಯೊಳಗೆ ಇಣುಕೋ ಕ್ಯಾಮೆರಾ ಬೆಳಿಗ್ಗೆ ಯಾರದೋ ಕೈಜಾರಿ ಬಿತ್ತಂತೆ. ಇವತ್ತೇ ಒಬ್ಬರಿಗೆ ಆಪರೇಷನ್ನು. ಇವರು ಹೋದ್ಮೇಲೆ ಅದನ್ನ ಸರಿಹೊಂದಿಸೋಕೆ ಅವಳು ಬಿಟ್ಟು ಇನ್ಯಾರಿದ್ದಾರೆ?"

"ಮದುವೆ ದಿನಾನೂ ಇವನಿಗಾಗಿ ಕಾದಿದ್ದಾಯ್ತು. ಈಗ ಇವನನ್ನ ಎದುರಿಗಿಟ್ಕೊಂಡೂ ಕಾಯ್ಬೇಕಾ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅವಳಿಗೂ ನಗು ಬಂತು, ಹಿಂದೆಯೇ ಅಳುವೂ ಬಂತು.

*

ಗಂಡನ ಆ ಕೆಲಸವನ್ನು ಅವಳು ಶಪಿಸದ ದಿನವಿರಲಿಲ್ಲ. ಒಮ್ಮೆ ಊಟಕ್ಕೆ ಬಾರದವನನ್ನು ಹುಡುಕಿಕೊಂಡು ಆಸ್ಪತ್ರೆಗೇ ಹೋದಳು. ಈ ಮಹಾರಾಯ ಕಪ್ಪುಬಿಳಿ ಚೌಕಗಳ ಹಲಗೆಯೊಂದನ್ನು ಆ ಕಡೆ ಈ ಕಡೆ ವಾಲಿಸುತ್ತ, ಮಗುವಿಗೆ ಗಿಲಕಿ ತೋರಿಸುವ ಹಾಗೆ ಕ್ಯಾಮೆರಾಕ್ಕೆ ತೋರಿಸುತ್ತಿದ್ದ.

"ಇದೇ ಏನು ನನ್ನ ಸವತಿ?"

ಅವನು ನಕ್ಕ. "ಗೋಡೆ ಮೇಲಿನ ಆ ಯಂತ್ರದ ಕಣ್ಣಿಗೆ ಈ ಕ್ಯಾಮೆರಾ ಎಲ್ಲಿದೆ ಅಂತ ಗೊತ್ತು. ಕ್ಯಾಮೆರಾಕ್ಕೆ ಎದುರಿಗೇನಿದೆ ಅಂತ ಗೊತ್ತು. ಇಬ್ಬರಿಗೂ ಹೊಂದಾಣಿಕೆ ಮಾಡಿಸೋದು ನನ್ನ ಕೆಲ್ಸ. ಅದು ತಪ್ಪಿದ್ರೆ ಪರದೆ, ತಲೆಯೊಳಗಿನ ಗಡ್ಡೆ ಇಲ್ಲಿದೆ ಅನ್ನುತ್ತೆ, ಗಡ್ಡೆ ಇನ್ನೆಲ್ಲೋ ಇರುತ್ತೆ."

"ಮುಗೀತಲ್ಲ, ನಡೀರಿ."

"ಹಲಗೇನ ಹೊಸ ಜಾಗದಲ್ಲಿಟ್ಟು ನೋಡ್ಬೇಕು ಕಣೆ. ಲೆಕ್ಕ ಕಟ್ಟಿದ ಜಾಗದಲ್ಲೇ ಪರೀಕ್ಷೆ ಮಾಡಿದ್ರೆ, ಕಳ್ಳನನ್ನೇ ಸಾಕ್ಷಿಗೆ ಕರೆದ ಹಾಗೆ."

ಮನೆಗೆ ಬರುವಷ್ಟರಲ್ಲಿ ಸಾರು ತಣ್ಣಗಾಗಿತ್ತು. ಮರುದಿನವೆಲ್ಲ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

*

ಫೋನ್ ಬಂತು. ಶಿಷ್ಯೆ ಏದುಸಿರು ಬಿಡುತ್ತಿದ್ದಳು. "ಮುಗೀತು ಅಕ್ಕ, ಹೊರಟೆ. ಎತ್ಬೇಡಿ, ಒಂದೇ ಒಂದ್ಸಲ ಅವರ ಮುಖ ನೋಡ್ತೀನಿ."

"ಸದ್ಯ!" ಎಂದರು ಭಾವನವರು.

ಗಂಡನ ಆ ಮಾತು ಅವಳ ಬಾಯಿಗೆ ಹೇಗೆ ಬಂತೋ. "ಹೊಸ ಜಾಗದಲ್ಲಿಟ್ಟು ನೋಡಿದ್ಯಾ?"

"ಅದೊಂದು ಬಿಟ್ಟೆ... ಲೆಕ್ಕ ಸರಿಯಾಗೇ ಬಂದಿದೆ ಅಕ್ಕ. ನೀವೆಲ್ಲ ಕಾಯ್ತಿದ್ದೀರಲ್ಲ ಅಂತ..."

"ವಾಪಸ್ ಹೋಗಿ ನೋಡು. ಮುಖ ಎಲ್ಲೂ ಓಡಿಹೋಗಲ್ಲ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ಈ ಸಲ ಶಿಷ್ಯೆ ಅಳುತ್ತಿದ್ದಳು. "ಪರದೆ ಮೇಲಿನ ಗೆರೆಗಳು ಚೌಕದ ಮೇಲೆ ಕೂರ್ತಿಲ್ಲ ಅಕ್ಕ, ಪಕ್ಕಕ್ಕೆ ಸರಿದಿವೆ. ಹಾಗೇ ಬಿಟ್ಟು ಬಂದಿದ್ರೆ! ಮೊದಲಿಂದ ಮಾಡ್ಬೇಕು. ತುಂಬಾ ಹೊತ್ತಾಗುತ್ತೆ, ನೀವು ಎತ್ಬಿಡಿ."

ಮನೆಯವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಗಂಡನ ಮುಖ ನೋಡಿದಳು.

"ಅಳ್ಬೇಡ. ನಿಧಾನಕ್ಕೆ ಮಾಡು. ಕಾಯೋದು ನನಗೇನು ಹೊಸದಾ?"

ಭಾವನವರು ಸ್ಟ್ರೆಚರನ್ನು ಗೋಡೆಗೆ ಒರಗಿಸಿ ಹೊರಗೆ ಹೋದರು. ಗಾಡಿಯ ಎಂಜಿನ್ ನಿಂತಿತು. ಬಾಗಿಲಲ್ಲಿ ಬೂಟಿನ ದಾರ ಬಿಚ್ಚಿ ಕಳಚಿಟ್ಟು, ಒಳಗೆ ಬಂದು, ತಮ್ಮನ ತಲೆಯ ಬಳಿ ಕುರ್ಚಿ ಎಳೆದುಕೊಂಡು ಕೂತರು.