ಇನ್ನೂ ಹೋಗದ ನಾಯಿಗಳು

ದಿಕ್ಕಿಲ್ಲದ ನಾಯಿಗಳ ಆಶ್ರಯ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಅಂಕಿಯಕ್ಕ ಎನ್ನುತ್ತಿದ್ದರು. ಕೇಂದ್ರ ನಡೆಸುವ ಡಾಕ್ಟರಮ್ಮ ಒಂದು ದಿನ, ಬಂದ ನಾಯಿ ಸಾಕುವವರ ಕೈ ಸೇರಲು ಸರಾಸರಿ ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳಿದರು. ಅಂಕಿಯಕ್ಕ ಪಟ್ಟಿಗಳ ಲೆಕ್ಕ ಮಾಡುವ ಪ್ಯಾಂಡಾಸ್ ಎಂಬ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಪ್ರತಿ ನಾಯಿಯೂ ಹೋದ ದಿನಾಂಕದಿಂದ ಬಂದ ದಿನಾಂಕವನ್ನು ಕಳೆದಳು. ಅವಧಿಗಳ ಹೊಸ ಕಾಲಂ ಮೂಡಿತು. ಸರಾಸರಿ ಹನ್ನೆರಡು ದಿನ. ಡಾಕ್ಟರಮ್ಮನಿಗೆ ಹಿಗ್ಗೋ ಹಿಗ್ಗು. ಇಷ್ಟು ಬೇಗ ಮನೆ ಸಿಗುವುದಾದರೆ ಹಿಂದಿನ ಸಾಲಿನ ಗೂಡುಗಳನ್ನು ಕೆಡವಿ ಕಚೇರಿಯನ್ನು ದೊಡ್ಡದು ಮಾಡಬಹುದು ಎಂದರು.

ವರದಿಗೆ ಫೋಟೊ ತೆಗೆಯಲೆಂದು ಅಂಕಿಯಕ್ಕ ಹಿಂದಿನ ಸಾಲಿಗೆ ಹೋದಳು. ಮುಂದುಗಡೆಯ ಮರಿಗಳು ಕಂಬಿಗೆ ಮುಗಿಬಿದ್ದಿದ್ದವು. ಇಲ್ಲಿ ಯಾವುದೂ ಏಳಲಿಲ್ಲ. ಮೂತಿ ನರೆತ ಕಂದು ನಾಯಿಯೊಂದು ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಸುಮ್ಮನಾಯಿತು. ಅದು ಬಂದು ನಾಲ್ಕು ವರ್ಷವಾಗಿತ್ತೆಂದು ಗೂಡಿನ ಮೇಲಿನ ಚೀಟಿ ಹೇಳುತ್ತಿತ್ತು.

ಮೇಜಿಗೆ ಮರಳಿ ಅದರ ವಿವರ ಹುಡುಕಿದಳು. ಹೋದ ದಿನಾಂಕವೇ ಇಲ್ಲದ್ದರಿಂದ ಅವಧಿಯ ಜಾಗ ಖಾಲಿಯಿತ್ತು. ಸರಾಸರಿ ತೆಗೆಯುವಾಗ ಪ್ಯಾಂಡಾಸ್ ಖಾಲಿ ಜಾಗಗಳನ್ನು ಸದ್ದಿಲ್ಲದೆ ದಾಟಿಹೋಗಿತ್ತು. ಹಿಂದಿನ ಸಾಲಿಗೆ ಸಾಲೇ ಲೆಕ್ಕಕ್ಕೆ ಬಂದಿರಲಿಲ್ಲ.

ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ನಕ್ಕರು.

"ಅಂದ್ರೆ ಆ ಲೆಕ್ಕದಲ್ಲಿ ಈ ಮನೇಲಿ ಇದ್ದೋಳು ಬೇರೆ ಮನೆ ಮಾಡ್ಕೊಂಡು ಹೋದ ನಿನ್ನ ನಾದಿನಿ ಒಬ್ಳೇ. ಇನ್ನೂ ಇಲ್ಲೇ ಇರೋ ನಾನು ಲೆಕ್ಕಕ್ಕೇ ಇಲ್ಲ."

"ನಾನೂ ಇಲ್ಲ ಬಿಡಿ ಅತ್ತೆ," ಎಂದು ಅವಳೂ ನಕ್ಕಳು.

ಮರುದಿನ ಖಾಲಿ ಜಾಗಗಳಿಗೆ ಅಂದಿನ ದಿನಾಂಕ ತುಂಬಿ, ಆ ನಾಯಿಗಳು ಅದುವರೆಗೆ ಕಾದ ಕಾಲವನ್ನೂ ಸೇರಿಸಿದಳು. ಸರಾಸರಿ ಎರಡು ತಿಂಗಳು ದಾಟಿತು. ಮೊದಲಿನ ಲೆಕ್ಕ ಎಲ್ಲಿ ತಪ್ಪಿತ್ತೆಂದು ಡಾಕ್ಟರಮ್ಮನಿಗೆ ಬಿಡಿಸಿ ಹೇಳಿದಳು. ಅವರು ಪರದೆಯ ಮೇಲಿನ ಹೊಸ ಸರಾಸರಿಗೆ ಬೆರಳಿಟ್ಟು ಕೇಳಿದರು.

"ಇದೂ ಕಮ್ಮೀನೇ ಅಲ್ವಾ? ಅವು ಇನ್ನೂ ಕಾಯ್ತಾನೇ ಇವೆ."

"ಹೌದು ಮೇಡಂ. ಅವು ಹೋಗೋವರೆಗೂ ಇದು ಬೆಳೀತಾನೇ ಇರತ್ತೆ."

ಗೂಡು ಕೆಡವುವ ಮಾತು ಅಲ್ಲಿಗೇ ನಿಂತಿತು. ಹಿಂದಿನ ಸಾಲಿಗೆ ದಪ್ಪನೆಯ ಚಾಪೆಗಳು ಬಂದವು. ದಿನಾ ಬೆಳಿಗ್ಗೆ ಅಲ್ಲಿನ ನಾಯಿಗಳನ್ನು ಅಂಗಳಕ್ಕೆ ಬಿಡತೊಡಗಿದರು. ಅಂಕಿಯಕ್ಕ ಅವುಗಳ ಫೋಟೊಗಳನ್ನು ಗೇಟಿನ ಬಳಿ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಹಾಕಿದಳು. ಕೆಲವು ವಾರಗಳ ಮೇಲೆ ವಯಸ್ಸಾದ ದರ್ಜಿಯೊಬ್ಬರು ಬಂದು, ತಮಗೆ ಮೊಣಕಾಲು ನೋವು, ಎಳೆದಾಡದ ನಾಯಿಯಿದ್ದರೆ ಕೊಡಿ ಎಂದು ಕೇಳಿ, ಒಕ್ಕಣ್ಣಿನ ಮುದಿ ನಾಯಿಯನ್ನು ಕರೆದೊಯ್ದರು. ಕಂದು ನಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಆದರೆ ಬೆಳಿಗ್ಗೆ ಬೀಗದ ಸದ್ದಾದೊಡನೆ ಅದು ಈಗ ತಾನಾಗಿಯೇ ಎದ್ದು ನಿಲ್ಲುತ್ತದೆ.